ಗಂಧದ ಸಸಿಯ ಜೊತೆ ಸಿದ್ದಾಪುರಕ್ಕೆ

ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಹೋಗುವ ಬೆಳಗಿನ ಬಸ್ಸು ಸೂರ್ಯ ಹುಟ್ಟುವ ಮೊದಲೇ ಹೊರಡುತ್ತದೆಂದು ಹೇಳಿದ್ದರು. ಹೊರಟದ್ದು ಬಿಸಿಲು ಬೆನ್ನಿಗೆ ಚುರುಕು ಮುಟ್ಟಿಸತೊಡಗಿದ ಮೇಲೆ. ಅಷ್ಟರಲ್ಲಿ ನಾನು ಮತ್ತೆ ಮತ್ತೆ ಚಹಾ ಕುಡಿದು, ಮತ್ತೆ ಮತ್ತೆ ಡ್ರೈವರನ ಹತ್ತಿರ ಹೋಗಿ ವೇಳೆ ಕೇಳಿ, ಅವನ ಕೆಂಗಣ್ಣಿಗೆ ಗುರಿಯಾಗಿದ್ದೆ. ಕೂತಲ್ಲಿ ಕೂರದ ಸ್ವಭಾವ ನನ್ನದು. ಧಾರವಾಡದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಡೆಮಾನ್ಸ್ಟ್ರೇಟರ್ ಆಗಿ, ಹುಡುಗರಿಗೆ ಸೂಕ್ಷ್ಮದರ್ಶಕದ ಮುಂದೆ ತಾಳ್ಮೆಯಿಂದ ಕೂರುವುದನ್ನು ಕಲಿಸುವ ಕೆಲಸ ಇಂಥವನಿಗೆ ಹೇಗೆ ಸಿಕ್ಕಿತೋ ಎಂದು ಮನೆಯವರು ಇಂದಿಗೂ ನಗುತ್ತಾರೆ.

ಆದರೆ ಆ ಸಲದ ಅವಸರಕ್ಕೆ ಕಾರಣವಿತ್ತು. ಮೇ ತಿಂಗಳು ಮುಗಿಯುತ್ತ ಬಂದಿತ್ತು, ಮೃಗಶಿರೆ ಮಳೆ ಹತ್ತಿರದಲ್ಲಿತ್ತು. ಸಿದ್ದಾಪುರದ ಆಚೆ ದೊಡ್ಮನೆಗೆ ಹೋಗುವ ದಾರಿಯಲ್ಲಿ ನನ್ನ ಅಕ್ಕ ಸಾವಿತ್ರಿಯ ಗಂಡನ ಮನೆ. ಭಾವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಅಕ್ಕ ಅಲ್ಲಿಯೇ ತನ್ನ ಅತ್ತೆ ಭಾಗೀರಥಮ್ಮನ ಜೊತೆ ಇದ್ದಳು. ಆ ಸೀಮೆಯಲ್ಲಿ ಮಳೆಗಾಲದ ಸೌತೆ, ಹೀರೆ, ಮೊಗೆಕಾಯಿಗಳ ಬೀಜ ಹಾಕುವಾಗ ಮೊದಲ ಬೀಜವನ್ನು ಕೈಗುಣ ಒಳ್ಳೆಯದಿದ್ದವರಿಂದ ಹಾಕಿಸುವ ರೂಢಿಯಿದೆ. ಬೇಕಾದರೆ ನೆರೆಮನೆಯಿಂದ ಕರೆಸಿಯಾದರೂ ಹಾಕಿಸುತ್ತಾರೆ. ಕೈಗುಣ ಇಲ್ಲವೆಂದು ಹೆಸರಾದವರನ್ನು ಬೀಜದ ಗಡಿಗೆಯ ಹತ್ತಿರಕ್ಕೂ ಬಿಡುವುದಿಲ್ಲ. ನಮ್ಮ ಅಕ್ಕ ಈ ಎರಡನೆಯ ಪಂಗಡಕ್ಕೆ ಸೇರಿಹೋಗಿದ್ದಳು.

ಅದಕ್ಕೆ ಕಾರಣವಾದದ್ದು ಶ್ರೀಗಂಧ. ಭಾವ ತೀರಿಕೊಂಡ ವರ್ಷ ಅವಳು ಎಲ್ಲಿಂದಲೋ ಗಂಧದ ಬೀಜ ತರಿಸಿ ಹಿತ್ತಿಲಲ್ಲಿ ಹಾಕಿದಳು. ಬೀಜ ಮೊಳೆತವು, ಗೇಣುದ್ದ ಎದ್ದವು, ಆಮೇಲೆ ಎಲೆ ಹಳದಿಯಾಗಿ ಒಂದೊಂದೇ ಒಣಗಿದವು. ಮರುವರ್ಷವೂ ಅದೇ ಕತೆ. ಅದರ ಮರುವರ್ಷವೂ ಅಷ್ಟೇ. ಗಂಡ ಉಳಿಯಲಿಲ್ಲ, ಈಗ ಗಿಡವೂ ಉಳಿಯುವುದಿಲ್ಲ ಎಂದು ಮನೆಯಲ್ಲಿ ಯಾರೋ ಅಂದರು. ಅಂದದ್ದು ಊರಿಗೆ ಹಬ್ಬಿತು. ಹೋದ ಚಳಿಗಾಲ ಹುಬ್ಬಳ್ಳಿಯಲ್ಲಿ ಒಂದು ಮದುವೆಗೆ ಬಂದಾಗ ಅಕ್ಕ ಇದನ್ನೆಲ್ಲ ಬೇರೆ ಯಾರದೋ ಸುದ್ದಿಯೆಂಬಂತೆ ಹೇಳಿದಳು. ಪಾತಿಯನ್ನು ಹೇಗೆ ಇಟ್ಟಿದ್ದೆ ಎಂದು ಕೇಳಿದೆ.

“ಒಂದು ಹುಲ್ಲುಕಡ್ಡಿ ಬಿಟ್ಟಿದ್ನಿಲ್ಲೆ, ತಮಾ,” ಎಂದಳು.

ನನಗೆ ಆಗಲೇ ಗೊತ್ತಾಯಿತು. ಗಂಧದ ಗಿಡ ಒಂಟಿಯಾಗಿ ಬಾಳುವ ಜಾತಿಯಲ್ಲ. ಬಡ ಮಣ್ಣಿನಲ್ಲಿ ಹುಟ್ಟುವ ಗಿಡ ಅದು. ತನ್ನ ಬೇರಿನಿಂದಲೇ ಬೇಕಾದಷ್ಟು ಸತ್ವ ಹೀರಿಕೊಳ್ಳುವ ಶಕ್ತಿ ಅದಕ್ಕೆ ಕಡಿಮೆ. ಅದಕ್ಕಾಗಿ ಮಣ್ಣಿನೊಳಗೆ ಪಕ್ಕದ ಗಿಡದ ಬೇರನ್ನು ಹುಡುಕಿ, ಅದಕ್ಕೆ ಅಂಟಿಕೊಂಡು, ಅಲ್ಲಿಂದ ತನಗೆ ಬೇಕಾದದ್ದನ್ನು ಪಡೆಯುತ್ತದೆ. ಬೀಜದೊಳಗಿನ ಬುತ್ತಿ ಇರುವವರೆಗೆ ಒಂಟಿಯಾಗಿಯೂ ಹಸಿರಾಗಿರುತ್ತದೆ, ಬುತ್ತಿ ಮುಗಿದ ಮೇಲೆ ಹಳದಿಯಾಗುತ್ತದೆ. ಅಕ್ಕ ತನ್ನ ಅಚ್ಚುಕಟ್ಟಿನಿಂದಲೇ ಅವನ್ನು ಕೊಂದಿದ್ದಳು. ಗಂಧದ ಮರ ಯಾರ ಹಿತ್ತಿಲಲ್ಲಿ ಬೆಳೆದರೂ ಸರಕಾರದ್ದು, ನಿನಗೇಕೆ ಅದರ ಹುಚ್ಚು ಎಂದು ಕೇಳಿದ್ದಕ್ಕೆ ಅವಳು, “ಸರಕಾರದ್ದೇ ಆಗ್ಲಿ, ಬದುಕಿದ್ರೆ ಸಾಕು,” ಎಂದಿದ್ದಳು. ಆ ಮಾತು ಧಾರವಾಡಕ್ಕೆ ಹಿಂತಿರುಗಿದ ಮೇಲೂ ನನ್ನನ್ನು ಬಿಡಲಿಲ್ಲ.

ಹೀಗಾಗಿ ನನ್ನ ಯೋಜನೆ ಸಿದ್ಧವಾಗಿತ್ತು. ಯಲ್ಲಾಪುರದ ಹತ್ತಿರ ಅರಣ್ಯ ಇಲಾಖೆಯ ಸಸಿಮಡಿಗಳನ್ನು ನೋಡಿಕೊಳ್ಳುತ್ತಿದ್ದ ನನ್ನ ಸಹಪಾಠಿ ಶಂಕರನಿಂದ ಗಂಧದ ಸಸಿಗಳನ್ನು ಅವುಗಳ ಜೊತೆಗಿಡದ ಸಮೇತ ತರುವುದು. ಬೀಜ ಹಾಕುವ ದಿನದ ಮುಂಚೆ ಅಕ್ಕನ ಮನೆ ಮುಟ್ಟುವುದು. ಅತ್ತೆಯ ಎದುರು ಬೇರಿನ ವಿಷಯವನ್ನೆಲ್ಲ ಬಿಡಿಸಿ ಹೇಳಿ ಎಲ್ಲರ ಬಾಯಿ ಮುಚ್ಚಿಸುವುದು. ಭಾಷಣವನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಒಪ್ಪ ಮಾಡುತ್ತಿದ್ದೆ. ಕಲಘಟಗಿ ದಾಟಿ ಕರಿನೆಲ ಕೆಂಪುನೆಲವಾಗುವ ಹೊತ್ತಿಗೆ ಅದು ಕಾಲೇಜಿನ ವಾರ್ಷಿಕೋತ್ಸವಕ್ಕೆ ಸಲ್ಲುವಷ್ಟು ಉದ್ದವಾಗಿತ್ತು.

ಯಲ್ಲಾಪುರದಲ್ಲಿ ಇಳಿದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಒಗ್ಗರಣೆ ಅವಲಕ್ಕಿ ತಿಂದೆ. ನಯಾ ಪೈಸೆ ಬಂದು ವರ್ಷಗಳಾಗಿದ್ದರೂ ಗಲ್ಲೆಯ ಮೇಲೆ ಕೂತವರು ಆಣೆಯಲ್ಲೇ ಲೆಕ್ಕ ಹೇಳಿದರು. ಜಿಲ್ಲೆ ಮುಂಬಯಿಯಿಂದ ಮೈಸೂರಿಗೆ ಸೇರಿದರೂ ಗೋಡೆಯ ಮೇಲಿನ ಮರಾಠಿ ಕ್ಯಾಲೆಂಡರು ಮಾತ್ರ ಹಾಗೆಯೇ ಇತ್ತು. ಅಲ್ಲಿಂದ ಸಸಿಮಡಿಗೆ ನಡೆದೇ ಹೋದೆ. ಗಾಳಿಯಿರಲಿಲ್ಲ, ಅಂಗಿ ಬೆನ್ನಿಗೆ ಅಂಟಿತ್ತು.

ಶಂಕರ ಕಾಲೇಜಿನಲ್ಲಿದ್ದಾಗಲೂ ನಿಧಾನ, ಈಗ ಇನ್ನೂ ನಿಧಾನ. ಮೊದಲು ತೇಗದ ಕಡ್ಡಿಗಳನ್ನು ತೋರಿಸಲು ಕರೆದೊಯ್ದ. ಎಲೆಯಿಲ್ಲ, ಚಿಗುರಿಲ್ಲ, ಬೆರಳು ದಪ್ಪದ ಒಣ ಬೇರುಗಳ ಕಟ್ಟು. ಕಾಡಿನಲ್ಲಿ ತಾನಾಗಿ ಹುಟ್ಟಿದ ತೇಗದ ಸಸಿ ಬಡ ನೆಲದಲ್ಲಿ ಎಷ್ಟೋ ವರ್ಷ ಬೇಸಿಗೆ ಬಂದಾಗಲೆಲ್ಲ ಮೇಲಿನಿಂದ ಸಾಯುತ್ತದೆ, ಕೆಳಗೆ ಬೇರು ಮಾತ್ರ ದಪ್ಪವಾಗುತ್ತ ಹೋಗುತ್ತದೆ, ಸಾಕಷ್ಟು ಕೂಡಿಟ್ಟುಕೊಂಡ ಮೇಲೆ ಒಂದು ಮಳೆಗಾಲ ಒಮ್ಮೆಲೇ ಎದ್ದುಬಿಡುತ್ತದೆ ಎಂದು ವಿವರಿಸಿದ. ನನಗೆ ಗೊತ್ತಿದ್ದದ್ದೇ. ಆದರೂ ಆ ಸತ್ತಂತಿದ್ದ ಕಡ್ಡಿಗಳನ್ನು ಕೈಯಲ್ಲಿ ಹಿಡಿದಾಗ ಪಾಠ ಹೇಳುವವನ ಸೊಕ್ಕು ಸ್ವಲ್ಪ ಇಳಿಯಿತು.

ಗಂಧದ ಸಸಿಗಳು ಸೋಗೆಯ ಚಪ್ಪರದ ಕೆಳಗೆ ತಗಡಿನ ಡಬ್ಬಿಗಳಲ್ಲಿದ್ದವು. ಪ್ರತಿ ಡಬ್ಬಿಯಲ್ಲೂ ಗಂಧದ ಪಕ್ಕ ಒಂದು ತೊಗರಿ ಗಿಡ. ಶಂಕರ ಒಂದು ಡಬ್ಬಿಯನ್ನು ನೀರಿನಲ್ಲಿ ಅಲುಗಿಸಿ ಮಣ್ಣು ತೊಳೆದು ಬೇರು ತೋರಿಸಿದ. ಗಂಧದ ಎಳೆಬೇರು ತೊಗರಿಯ ಬೇರಿನ ಮೇಲೆ ಅಲ್ಲಲ್ಲಿ ಸಾಸಿವೆಗಿಂತ ತುಸು ದೊಡ್ಡ ಬಿಳಿ ಗಂಟಾಗಿ ಕಚ್ಚಿಕೊಂಡಿತ್ತು. ತೊಗರಿಯ ಬೇರಿನಲ್ಲಿ ಅದರದೇ ಬೇರೆ ಗಂಟುಗಳು. ಅವುಗಳೊಳಗಿನ ಸೂಕ್ಷ್ಮಜೀವಿಗಳು ಗಾಳಿಯಿಂದ ಸಾರ ಹಿಡಿದುಕೊಡುತ್ತವೆ. ಬಡ ಮಣ್ಣಿನಲ್ಲಿ ತೊಗರಿ ಆ ಜೀವಿಗಳನ್ನು ನಂಬಿತ್ತು, ಗಂಧ ತೊಗರಿಯನ್ನು ನಂಬಿತ್ತು. ಮೂರು ಡಬ್ಬಿ ಕೊಟ್ಟು, ಜೋಡಿ ಅಗಲಿಸಬೇಡ ಎಂದಷ್ಟೇ ಹೇಳಿದ. ಹೊರಡುವಾಗ ನನ್ನ ಕರವಸ್ತ್ರದ ತುದಿಗೆ ಒಂದು ಹಿಡಿ ತೊಗರಿ ಬೀಜವನ್ನೂ ಕಟ್ಟಿದ. ಊಟಕ್ಕೆ ನಿಲ್ಲೆಂದ. ಬಸ್ಸು ತಪ್ಪುತ್ತದೆಂದು ಓಡಿಬಂದೆ, ಬಂದು ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕಾದೆ.

ಶಿರಸಿಯ ಬಸ್ಸು ತುಂಬಿತ್ತು. ಕಂಡಕ್ಟರು ಹುಬ್ಬಳ್ಳಿ ಕಡೆಯವರು. ಡಬ್ಬಿಗಳನ್ನು ನೋಡಿ, “ಗಿಡಕ್ಕ ಟಿಕೀಟ ಇಲ್ರಿ. ಡಬ್ಬಿಗೆ ಲಗೇಜ ಆಗ್ತೈತಿ,” ಎಂದರು. ಗಿಡವಿಲ್ಲದ ಡಬ್ಬಿಯನ್ನು ನಾನೇಕೆ ಹೊರುತ್ತೇನೆ ಎಂದು ವಾದಿಸಿದೆ. ಬಸ್ಸಿನವರೆಲ್ಲ ಅವರ ಪಕ್ಷ. ಲಗೇಜು ಕೊಟ್ಟು, ಎರಡು ಡಬ್ಬಿಯನ್ನು ಕಾಲಿನ ನಡುವೆ ಇಟ್ಟು, ಮೂರನೆಯದನ್ನು ತೊಡೆಯ ಮೇಲೆ ಇಟ್ಟುಕೊಂಡೆ. ತೊಗರಿಯ ಕೊಂಬೆ ಪಕ್ಕದವರ ಕಿವಿಗೆ ಕಚಗುಳಿಯಿಡುತ್ತಿತ್ತು. ಅವರು ಬನವಾಸಿ ಕಡೆಯ ವ್ಯಾಪಾರಿ. ಒಂದು ಕೈಯಲ್ಲಿ ಎಲೆಯನ್ನು ಸರಿಸುತ್ತ ಇನ್ನೊಂದು ಕೈಯಲ್ಲಿ ಅಡಿಕೆಲೆ ಹಾಕಿಕೊಳ್ಳುತ್ತ ಅವರು ನೆಮ್ಮದಿಯಿಂದಿದ್ದರು.

ಬೇಡ್ತಿ ಹೊಳೆ ದಾಟಿ ಮಂಚಿಕೇರಿಯ ಸಮೀಪ ಬಸ್ಸು ಕೆಟ್ಟು ನಿಂತಿತು. ಚಕ್ರ ಬಿಚ್ಚುವುದನ್ನು ನೋಡುತ್ತ ನಿಲ್ಲುವುದು ನನ್ನಿಂದಾಗಲಿಲ್ಲ. ರಸ್ತೆಗಾಗಿ ಗುಡ್ಡ ಕಡಿದ ಕಡೆ ಹೋಗಿ ಜಂಬಿಟ್ಟಿಗೆಯ ಗೋಡೆಯನ್ನು ನೋಡಿದೆ. ವರ್ಷವರ್ಷದ ಮಳೆ ಆ ಮಣ್ಣಿನ ಸಾರವನ್ನೆಲ್ಲ ತೊಳೆದು ಒಯ್ದು ಕಬ್ಬಿಣದ ಕೆಂಪನ್ನು ಮಾತ್ರ ಉಳಿಸಿದೆ. ಅದರ ಮೇಲೆ ಅಷ್ಟೆತ್ತರದ ಮತ್ತಿ, ಹೊನ್ನೆ ಮರಗಳು ನಿಂತಿದ್ದವು. ಒಂದೆರಡು ದಪ್ಪ ಬೇರು ಕಲ್ಲಿನ ಬಿರುಕು ಹಿಡಿದು ಕೆಳಗಿಳಿದಿದ್ದವು. ಉಳಿದ ಸಣ್ಣ ಬೇರುಗಳೆಲ್ಲ ಮೇಲ್ಮುಖವಾಗಿ ಬಂದು, ಉದುರಿ ಕೊಳೆಯುತ್ತಿದ್ದ ಎಲೆಯ ದರಗಿನೊಳಗೆ ಚಾಪೆಯಂತೆ ಹೆಣೆದುಕೊಂಡಿದ್ದವು. ಮೊದಲ ಮಳೆ ಎಲೆಯ ಸಾರವನ್ನು ಹೊಳೆಗೆ ಒಯ್ಯುವ ಮುಂಚೆಯೇ ಹಿಡಿದುಕೊಳ್ಳಬೇಕು. ದರಗು ಕೆದಕಿದರೆ ಬೇರಿನ ತುದಿಗೆ ಸುತ್ತಿಕೊಂಡ ಬಿಳಿ ಅಣಬೆ ನೂಲು ಕಾಣುತ್ತಿತ್ತು. ಬೇರು ಹೋಗಲಾರದ ಸಂದಿಗೆ ಆ ನೂಲು ಹೋಗಿ ತಂದುಕೊಡುತ್ತದೆ, ಪ್ರತಿಯಾಗಿ ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಯಾರೂ ತಮ್ಮ ಪಾಡಿಗೆ ತಾವು ಬದುಕುತ್ತಿರಲಿಲ್ಲ.

ವ್ಯಾಪಾರಿಯೂ ಇಳಿದು ಬಂದಿದ್ದರು. ಡಬ್ಬಿಯಲ್ಲಿರುವುದು ಗಂಧವೇ ಎಂದು ಕೇಳಿದರು. ತಮ್ಮ ಹೊಲದ ಬದುವಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ತಾವಾಗಿಯೇ ಹುಟ್ಟುತ್ತವೆಂದರು. “ಮಂದಿ ಬೇರಿಗೆ ಬಾಯಿ ಹಚ್ಚಿ ಬದುಕೂ ಗಿಡಾರಿ ಅದು. ಕಳ್ಳ ಗಿಡ,” ಎಂದು ನಕ್ಕರು.

ನನಗೆ ಸಿಟ್ಟು ನೆತ್ತಿಗೇರಿತು. ಅದಕ್ಕೆ ಅವರ ತಪ್ಪೇನೂ ಇರಲಿಲ್ಲ. ಅಕ್ಕನ ಮನೆಯಲ್ಲಿ ಒಮ್ಮೆ ಭಾಗೀರಥಮ್ಮ, ಮಗನಿಲ್ಲದ ಮನೆಯಲ್ಲಿ ಸೊಸೆಗೆ ಕೂತು ಉಣ್ಣುವುದೊಂದು ಉಳಿಯಿತು ಎಂದು ನನ್ನ ಎದುರೇ ಅಂದಿದ್ದರು. ಬೆಳಗಿನಿಂದ ಸಂಜೆಯವರೆಗೆ ದುಡಿಯುವ ಅಕ್ಕ ಅದನ್ನು ಕೇಳಿಸಿಕೊಂಡು ನನಗೆ ಮಜ್ಜಿಗೆ ಬಡಿಸಿದ್ದಳು. ಆ ದಿನದ ಸಿಟ್ಟು ಈ ಸಾಧು ಮನುಷ್ಯನ ಮೇಲೆ ಹರಿಯಿತು. ಜೊತೆ ಬೇಕಾದದ್ದಕ್ಕೆಲ್ಲ ಕಳ್ಳತನದ ಹೆಸರಿಡಬೇಡಿ ಎಂದು ಗಡುಸಾಗಿ ಹೇಳಿಬಿಟ್ಟೆ. ಅವರು ಬೆರಗಾಗಿ ನನ್ನ ಮುಖ ನೋಡಿದರು. ಬಸ್ಸು ಹೊರಟ ಮೇಲೆ ಏನೂ ಆಗದವರಂತೆ ನನಗೊಂದು ಬಾಳೆಹಣ್ಣು ಕೊಟ್ಟರು. ನಾಚಿಕೆಯಿಂದಲೇ ತಿಂದೆ.

ಬಸ್ಸು ತಡವಾದ್ದರಿಂದ ಅಂದು ಸಿದ್ದಾಪುರ ಮುಟ್ಟುವ ಆಸೆ ಬಿಟ್ಟು ಸೋಂದಾದ ಕ್ರಾಸಿನಲ್ಲಿ ಇಳಿದೆ. ಅಲ್ಲಿ ನನ್ನ ತಾಯಿಯ ಅಕ್ಕನ ಮನೆ. ನಾವೆಲ್ಲ ಅವರನ್ನು ದೊಡ್ಡಾಯಿ ಎನ್ನುತ್ತೇವೆ. ಅಕ್ಕನಿಗೆ ಇಲ್ಲವೆಂದು ಊರು ಹೇಳುವ ಕೈಗುಣ, ಊರಿನ ಮಾತು ನಂಬುವುದಾದರೆ, ಇವರಲ್ಲಿ ಇಬ್ಬರಿಗೆ ಸಾಲುವಷ್ಟಿತ್ತು. ದೊಡ್ಡಾಯಿ ಊರಿದ ಕೋಲೂ ಚಿಗುರುತ್ತದೆ ಎಂದು ಸೋಂದಾದಿಂದ ಸ್ವರ್ಣವಲ್ಲಿಯವರೆಗೆ ಹೇಳುತ್ತಿದ್ದರು. ಮೃಗಶಿರೆ ಬಂತೆಂದರೆ ಅವರಿಂದ ಮೊದಲ ಬೀಜ ಹಾಕಿಸಲು ಮನೆಮನೆಯಿಂದ ಕರೆ. ಅವರ ಗುಟ್ಟು ಒಂದೇ: ಬುಡ ಬಿಡಿಸಬೇಕು, ಕಳೆ ಕೀಳಬೇಕು, ಗೊಬ್ಬರ ಹಾಕಬೇಕು. ತೋಟದವರ ಮನೆಯಲ್ಲಿ ಹುಟ್ಟಿ ತೋಟದವರ ಮನೆಗೆ ಬಂದವರಿಗೆ ಗಿಡವೆಂದರೆ ಅಷ್ಟೇ. ಉಣಿಸಿದರೆ ಬದುಕುತ್ತದೆ.

ಹೊತ್ತು ಮುಳುಗುವಾಗ ಜಗಲಿಯ ಮೇಲೆ ಡಬ್ಬಿಗಳನ್ನಿಟ್ಟೆ. ಯಾರಿಗೆ ಎಂದು ದೊಡ್ಡಾಯಿ ಕೇಳಿದರು. ಸಾವಿತ್ರಕ್ಕನಿಗೆ, ಗಂಧದ ಸಸಿ ಎಂದೆ. ಅವರ ಮುಖ ಬಾಡಿತು. ಆ ಮನೆಯ ಮಾತು ಅವರ ಕಿವಿಗೂ ಬಿದ್ದಿತ್ತು. ನೀರು ಹಾಕುವುದು ಬೇಡ, ಬೆಳಿಗ್ಗೆ ನಾನೇ ನೋಡಿಕೊಳ್ಳುತ್ತೇನೆ ಎಂದು ಹೇಳಿ, ಉಂಡವನೇ ಬಿದ್ದುಕೊಂಡೆ. ದಿನವಿಡೀ ಕುದಿದ ಮನುಷ್ಯನಿಗೆ ಬರುವಂಥ ನಿದ್ದೆ ಬಂತು.

ಬೆಳಿಗ್ಗೆ ಜಗಲಿಗೆ ಬಂದರೆ ಡಬ್ಬಿಗಳು ಫಳಫಳ ಹೊಳೆಯುತ್ತಿದ್ದವು. ತಗಡನ್ನು ಬೂದಿ ಹಾಕಿ ತಿಕ್ಕಿದ್ದರು. ಒಳಗಿನ ಮಣ್ಣನ್ನು ಕೆದಕಿ ಸಡಿಲಿಸಿ ಮೇಲೊಂದು ಪದರ ಸಗಣಿ ಗೊಬ್ಬರ ತುಂಬಿದ್ದರು. ನಡುವೆ ಗಂಧದ ಸಸಿ ಒಂದೇ ನಿಂತಿತ್ತು. ತೊಗರಿ ಎಲ್ಲಿಯೂ ಇರಲಿಲ್ಲ. ಅಂಗಳದ ಮೂಲೆಯಲ್ಲಿ ದನದ ಎದುರು ಬಿದ್ದಿತ್ತು.

ನಾನು ಕೂಗಿದ್ದು ಆಚೆ ಮನೆಗೂ ಕೇಳಿಸಿರಬೇಕು. ತೆಳ್ಳೇವು ದೋಸೆ ಹೊಯ್ಯುತ್ತಿದ್ದ ದೊಡ್ಡಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, “ಎಂತ ಆತೋ ತಮಾ?” ಎಂದರು. ಅದು ತೊಗರಿ, ಅದು ಬೇಕಾದ ಗಿಡ ಎಂದು ಕಿರುಚಿದೆ. ಅವರು ಕಕ್ಕಾಬಿಕ್ಕಿಯಾದರು. ಮಳೆ ಸುರಿಯುವ ಈ ಸೀಮೆಯಲ್ಲಿ ತೊಗರಿ ಬೆಳೆಯುವುದಿಲ್ಲ. ಬೇಳೆ ಹುಬ್ಬಳ್ಳಿಯಿಂದ ಚೀಲದಲ್ಲಿ ಬರುತ್ತದೆ. ಜೀವಮಾನವಿಡೀ ತೊಗರಿಬೇಳೆಯ ಸಾರು ಮಾಡಿದ ದೊಡ್ಡಾಯಿ ತೊಗರಿ ಗಿಡವನ್ನು ಕಂಡವರೇ ಅಲ್ಲ. ಬಡಕಲು ಸಸಿಯ ಪಾಲಿನ ಅನ್ನವನ್ನು ಎತ್ತರದ ಕಳೆಯೊಂದು ತಿನ್ನುತ್ತಿದೆ ಎಂದು ಅವರಿಗೆ ಕಂಡಿತ್ತು. ಸಾವಿತ್ರಿಯ ಕೈಗೆ ಹೋಗುವ ಮುಂಚೆ ತಮ್ಮ ಕೈಯಿಂದಲೇ ಇದಕ್ಕೊಂದು ದಾರಿಯಾಗಲಿ ಎಂದು ಬೆಳಕು ಹರಿಯುತ್ತಲೇ ಕೂತು ಮಾಡಿದ್ದರು.

ದನದ ಬಾಯಿಂದ ತಪ್ಪಿದ ಒಂದು ತೊಗರಿಯ ಬೇರನ್ನು ಎತ್ತಿ ಅವರ ಮುಂದೆ ಹಿಡಿದೆ. ಅದರ ಮೇಲೆ ಗಂಧದ ಬೇರಿನ ಬಿಳಿ ಗಂಟುಗಳು ಹರಿದು ಬಂದು ಹಾಗೆಯೇ ಅಂಟಿಕೊಂಡಿದ್ದವು. ಇದರ ಬಾಯಿ ಇದು, ಕಿತ್ತಾಗ ಬಾಯಿಯೇ ಹರಿದು ಬಂತು ಎಂದೆ. ಅವರು ಕನ್ನಡಕ ತಂದು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನು ಗೊಬ್ಬರವನ್ನೆಲ್ಲ ಬಾಚಿ ತೆಗೆದೆ. ಪೂರ್ತಿ ಕಳಿತಿರದ ಗೊಬ್ಬರ, ಕೈಗೆ ಬಿಸಿ ತಾಗುತ್ತಿತ್ತು. ಒಂದು ಡಬ್ಬಿಯಲ್ಲಿ ಮಾತ್ರ ತೊಗರಿ ಕೀಳುವಾಗ ನೆಲಮಟ್ಟದಲ್ಲಿ ಮುರಿದಿತ್ತು; ಬೇರು ಒಳಗೇ ಉಳಿದಿತ್ತು. ಅಷ್ಟೇ ಆಸೆ. ಚೀಲ ಹೆಗಲಿಗೇರಿಸಿ ಹೊರಟಾಗ ದೊಡ್ಡಾಯಿ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದರು.

“ಆನೂ ಬತ್ತೆ,” ಎಂದರು.

ಬೇಡ ಎಂದೆ. ಬಸ್ಸಿನಲ್ಲಿ ಕೂತರೆ ಅವರಿಗೆ ತಲೆ ತಿರುಗುತ್ತದೆ, ವಾಂತಿಯಾಗುತ್ತದೆ. ಶಿರಸಿಯ ಪೇಟೆಗೂ ಅವರು ಎತ್ತಿನ ಗಾಡಿಯಲ್ಲೇ ಹೋಗಿಬರುವವರು. ಅವರು ಆಗಲೇ ಆ ಬದುಕಬಹುದಾದ ಸಸಿಯ ಡಬ್ಬಿಯನ್ನು ಎತ್ತಿಕೊಂಡು ಮುಂದೆ ನಡೆದರು. ಮಿಕ್ಕ ಎರಡನ್ನು ನಾನು ಹೊತ್ತೆ.

ಶಿರಸಿಯ ಸ್ಟ್ಯಾಂಡಿನಲ್ಲಿ ಸಿದ್ದಾಪುರದ ಬಸ್ಸಿಗೆ ಕಾಯಬೇಕಾಯಿತು. ಬನ್ಸ್ ಕರಿಯುವ ವಾಸನೆ ತಡೆಯದೆ ದೊಡ್ಡಾಯಿ ನಿಂಬೆಹಣ್ಣು ಮೂಸುತ್ತ ಕೂತರು. ನಾನು ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಶತಪಥ ಹಾಕಿದೆ. ನನ್ನ ಭಾಷಣ ಹಾಳಾಗಿತ್ತು. ಬಾಡಿದ ಗಿಡ ಹಿಡಿದುಕೊಂಡು ಬೇರಿನ ಮಹಿಮೆ ಹೇಳಿದರೆ ಯಾರು ನಂಬುತ್ತಾರೆ? ಇದು ಹೇಗಾಯಿತೆಂದು ಹೇಳಲೇಬೇಕು. ಹೇಳಿದರೆ ದೊಡ್ಡಾಯಿಯ ಹೆಸರು ಹೋಗುತ್ತದೆ, ಹೇಳದಿದ್ದರೆ ಅಕ್ಕನ ಹಣೆಗೆ ಇನ್ನೂ ಮೂರು ಗಿಡ ಅಂಟುತ್ತವೆ. ದೊಡ್ಡಾಯಿ ಏಕೆ ಬರುತ್ತಿದ್ದಾರೆ, ಅತ್ತೆಯ ಎದುರು ಏನು ಹೇಳುತ್ತಾರೆ, ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಸಿದ್ದಾಪುರದ ದಾರಿ ತಿರುವುಗಳ ದಾರಿ. ನನ್ನ ಕಾಲಿನ ಬಳಿಯ ಎರಡು ಸಸಿಗಳ ಎಲೆ ಜೋಲುಬಿದ್ದು ಮುಟ್ಟಿದರೆ ಕಾಗದದಂತೆ ಸದ್ದಾಗುತ್ತಿತ್ತು. ದೊಡ್ಡಾಯಿ ಕಣ್ಣು ಮುಚ್ಚಿ, ಎರಡೂ ಕೈಯಿಂದ ಡಬ್ಬಿಯನ್ನು ಹೊಟ್ಟೆಗೆ ಅವುಚಿಕೊಂಡು ಕೂತಿದ್ದರು. ಅರ್ಧ ದಾರಿಯಾದ ಮೇಲೆ ಕಣ್ಣು ತೆರೆಯದೆ ಕೇಳಿದರು.

“ಈಗ ಅದ್ರ ಬೇರು ಹುಡುಕ್ತಾ ಇಕ್ಕಾ?”

ಹುಡುಕುತ್ತಿರುತ್ತದೆ ಎಂದೆ. ಏನಾದರೂ ಸಿಗುವವರೆಗೆ ಹುಡುಕುತ್ತದೆ ಎಂದೆ. ಅವರು ಡಬ್ಬಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಅವರ ಮೇಲಿನ ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು.

ಸಿದ್ದಾಪುರದಿಂದ ಒಂದು ಲಾರಿ ದೊಡ್ಮನೆ ಕಡೆಗೆ ಹೊರಟಿತ್ತು, ನಮ್ಮನ್ನೂ ಹತ್ತಿಸಿಕೊಂಡಿತು. ಇಳಿದು ನಡೆದದ್ದು ಸ್ವಲ್ಪ ದಾರಿ, ಆದರೆ ಏರು. ಮುಟ್ಟಿದಾಗ ಭಾಗೀರಥಮ್ಮ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಿಸುತ್ತ ಕಾಗೆ ಕಾಯುತ್ತಿದ್ದರು. ದೊಡ್ಡಾಯಿಯನ್ನು ಕಂಡದ್ದೇ ಎದ್ದು ಬಂದು ಕೈ ಹಿಡಿದುಕೊಂಡರು. ದೇವರೇ ಕಳಿಸಿದ ಹಾಗಾಯಿತು, ನಾಳೆಯೇ ಬೀಜ ಹಾಕುವುದಿತ್ತು, ಈ ವರ್ಷ ನಿಮ್ಮ ಕೈಯಿಂದಲೇ ಆಗಲಿ ಎಂದರು.

ಅಕ್ಕ ಒಳಗಿನಿಂದ ಸೆರಗಿಗೆ ಕೈ ಒರೆಸುತ್ತ ಬಂದಳು. ಡಬ್ಬಿಗಳನ್ನು ಕಂಡು ಅವಳ ಮುಖ ಅರಳಿತು, ಎಲೆಗಳನ್ನು ಕಂಡು ಇಳಿಯಿತು. ಆದರೂ ಬಾಗಿ ಒಂದನ್ನು ಎತ್ತಿಕೊಳ್ಳಲು ಕೈ ಚಾಚಿದಳು.

“ಸಾವಿತ್ರಿ, ನೀ ಅದ್ನ ಮುಟ್ಟಡ,” ಎಂದರು ಭಾಗೀರಥಮ್ಮ.

ದನಿಯಲ್ಲಿ ಕೆಡುಕಿರಲಿಲ್ಲ. ಬಿಸಿ ಪಾತ್ರೆ ಮುಟ್ಟಲು ಹೋದವರನ್ನು ತಡೆಯುವ ದನಿ ಅದು. ಅದಕ್ಕೇ ನನಗೆ ಹೆಚ್ಚು ನೋವಾಯಿತು. ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿನೊಳಗೆ ಸುತ್ತಿಕೊಂಡಳು. ನಾನು ಭಾಷಣ ಶುರು ಮಾಡಿದೆ. ಬೇರು, ಗಂಟು, ಸೂಕ್ಷ್ಮಜೀವಿ, ಬಡ ಮಣ್ಣು, ಎಲ್ಲವೂ ಬಂದವು. ಕಲಘಟಗಿಯಲ್ಲಿ ಅಷ್ಟು ಚೆನ್ನಾಗಿದ್ದ ಮಾತು ಆ ಅಂಗಳದಲ್ಲಿ ಒಂದಕ್ಕೊಂದು ಕೂಡಲಿಲ್ಲ. ಭಾಗೀರಥಮ್ಮ ಮರ್ಯಾದೆಗೆ ಕೇಳಿ, ಓದಿದವರಿಗೆ ಎಲ್ಲದಕ್ಕೂ ಕಾರಣ ಸಿಗುತ್ತದೆ ಎಂದು ಕಾಗೆ ಓಡಿಸಲು ತಿರುಗಿದರು.

ದೊಡ್ಡಾಯಿ ತಮ್ಮ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟರು.

“ಭಾಗೀರತೀ, ಆ ಎರಡು ಗಿಡ ಕೊಂದದ್ದು ಆನು. ಸೋಂದೆ ಸೀಮೆಲೆಲ್ಲ ಕೈಗುಣ ಹೇಳ್ತ ಅಲ್ದಾ, ಅದೇ ಕೈ ಇದು. ನಿನ್ನೆ ಹಸಿರಿತ್ತು. ಕಳೆ ಹೇಳಿ ಜೊತಿಗಿದ್ದಿದ್ನ ಕಿತ್ತು, ಗೊಬ್ರ ಹಾಕಿ, ಆನೇ ಕೊಂದದ್ದು.”

ಭಾಗೀರಥಮ್ಮ ಕೈಯಲ್ಲಿದ್ದ ಕೋಲನ್ನು ಕೆಳಗಿಳಿಸಿದರು. ದೊಡ್ಡಾಯಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬಟ್ಟೆಯ ಗಂಟು ಬಿಚ್ಚಿದರು. ಒಳಗೆ ಆ ಹರಿದ ಬೇರಿತ್ತು. ನಾನು ಎಸೆದುಬಂದೆನೆಂದುಕೊಂಡಿದ್ದೆ, ಅವರು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಬಿಳಿ ಗಂಟುಗಳು ಆಗಲೇ ಕಂದಾಗಿದ್ದವು. ಅದನ್ನು ಭಾಗೀರಥಮ್ಮನ ಅಂಗೈ ಮೇಲಿಟ್ಟರು. ನಿನ್ನ ಸೊಸೆಯ ಕೈಯಲ್ಲೂ ಹೀಗೇ ಆದದ್ದು, ನಾವು ಕಳೆ ಕೀಳುವುದು ಕಲಿತವರು, ಅವಳೂ ಕಿತ್ತಳು ಎಂದರು. “ಜೊತೆ ಹೋದ್ರೆ ಒಣಗ್ತು. ಕೈಯಿಂದ ಅಲ್ಲ.”

ಭಾಗೀರಥಮ್ಮ ಆ ಬೇರನ್ನು ನೋಡುತ್ತ ನಿಂತರು. ಅವರೂ ಮಗನನ್ನು ಕಳೆದುಕೊಂಡವರು. ಯಾರ ಮೇಲಾದರೂ ಹೊರಿಸದೆ ಹೊರಲಾಗದ ಭಾರ ಅವರದೂ ಆಗಿತ್ತೆಂದು ನನಗೆ ಆಗ ಮೊದಲ ಸಲ ತೋರಿತು. ಬೇರನ್ನು ಕಟ್ಟೆಯ ಮೇಲಿಟ್ಟು, ಕೈಕಾಲು ತೊಳೆಯಿರಿ, ಊಟಕ್ಕಾಯಿತು ಎಂದು ಒಳಗೆ ಹೋದರು. ಮಾವಿನಕಾಯಿಯ ಅಪ್ಪೆಹುಳಿ ಬಡಿಸಿದ್ದರು. ಸಂಜೆ ಅಕ್ಕ ಉಳಿದ ಒಂದು ಸಸಿಯನ್ನು ಬೇಲಿಯ ಪಕ್ಕ ನೆಟ್ಟಳು. ಸುತ್ತ ನಾನು ತಂದ ತೊಗರಿ ಬೀಜ ಊರಿದಳು. ಬೇಲಿಯ ಹುಲ್ಲನ್ನು ಕೀಳಲು ಹೋದ ಕೈಯನ್ನು ತಾನೇ ತಡೆದುಕೊಂಡು ನಕ್ಕಳು.

ಮರುದಿನ ಬೆಳಿಗ್ಗೆ ಮೋಡ ಕವಿದಿತ್ತು. ಹಿತ್ತಿಲಲ್ಲಿ ಸುಡುಮಣ್ಣಿನ ಗುಪ್ಪೆಗಳು ಸಿದ್ಧವಾಗಿದ್ದವು. ಬೂದಿಯಲ್ಲಿ ಇಟ್ಟಿದ್ದ ಸೌತೆ ಬೀಜವನ್ನು ಭಾಗೀರಥಮ್ಮ ತಂದು, ದೊಡ್ಡಾಯಿಗೆ ಕುಂಕುಮ ಹಚ್ಚಿ, ಬೊಗಸೆಗೆ ಸುರಿದರು. ನಿನ್ನೆಯ ಮಾತಾದ ಮೇಲೂ ಅವರಿಗೇ ಕೊಟ್ಟರು. ನಾನು ಚೀಲ ಹಿಡಿದು ಹೊರಡಲು ನಿಂತಿದ್ದೆ. ಸಿದ್ದಾಪುರಕ್ಕೆ ಹೋಗುವ ಗಾಡಿಯವನು ಆಚೆಯಿಂದ ಕೂಗುತ್ತಿದ್ದ.

ದೊಡ್ಡಾಯಿ ಗುಪ್ಪೆಯ ಹತ್ತಿರ ಹೋದರು. ಬಾಗಲಿಲ್ಲ. ದೂರದಲ್ಲಿ ಬಾಳೆಯ ಬುಡದಲ್ಲಿ ನಿಂತಿದ್ದ ಅಕ್ಕನನ್ನು ಕರೆದು, ಅವಳ ಬೊಗಸೆಗೆ ಅಷ್ಟೂ ಬೀಜವನ್ನು ಸುರಿದುಬಿಟ್ಟರು. ಅಕ್ಕ ಬೀಜ ಹಿಡಿದುಕೊಂಡು ಅತ್ತೆಯ ಮುಖ ನೋಡಿದಳು. ಎಲ್ಲರೂ ನೋಡಿದೆವು. ಭಾಗೀರಥಮ್ಮ ಆಕಾಶ ನೋಡಿದರು.

“ಮಳೆ ಬಪ್ಪುದ್ರೊಳಗೆ ಹಾಕು,” ಎಂದರು.

ಗಾಡಿಯವನು ಕಾಯುವ ಹಾಗಿರಲಿಲ್ಲ. ಆದರೆ ಆ ಪ್ರವಾಸದಲ್ಲಿ ಮೊದಲ ಸಲ ನನಗೆ ಅವಸರವಿರಲಿಲ್ಲ. ಗಂಧದ ಸಸಿ ಉಳಿಯುತ್ತದೆಯೋ ಇಲ್ಲವೋ ನಾನು ಹೇಳಲಾರೆ. ಬೆಳಿಗ್ಗೆ ನೋಡಿದಾಗ ಎಲೆ ಬಿದ್ದೂ ಇರಲಿಲ್ಲ, ಎದ್ದೂ ಇರಲಿಲ್ಲ. ಗಾಡಿ ಹತ್ತಿ ಇಳಿಜಾರಿನ ತಿರುವಿನಲ್ಲಿ ಹಿಂದೆ ನೋಡಿದೆ. ಬೀಜ ಹಾಕಿ ಮುಗಿದಿತ್ತು. ಅಕ್ಕ ಮಣ್ಣಾದ ಎರಡೂ ಕೈಗಳನ್ನು ಮುಂದೆ ಚಾಚಿ ಬಾಗಿ ನಿಂತಿದ್ದಳು. ಭಾಗೀರಥಮ್ಮ ತಂಬಿಗೆಯಿಂದ ಆ ಕೈಗಳ ಮೇಲೆ ನೀರು ಹೊಯ್ಯುತ್ತಿದ್ದರು.